ಕೂತಾಗ ಒಂದು, ನಿಂತಾಗ ಒಂದು

ಧನುರ್ಮಾಸದ ಬೆಳಗ್ಗೆ ಐದೂವರೆಗೆ ಹೊಸಕೆರೆಹಳ್ಳಿ ಕ್ರಾಸಿನಲ್ಲಿ ಇನ್ನೂ ಕತ್ತಲೆ. ನಾಯಂಡಹಳ್ಳಿ ಕಡೆಯಿಂದ ರಿಂಗ್ ರೋಡಿಗುಂಟ ಬರುವ ಲಾರಿಗಳ ದೀಪ ಮಂಜಿನಲ್ಲಿ ಕದಡಿ ಹೋಗಿರುತ್ತದೆ. ಟೀ ಅಂಗಡಿಯವನು ಸ್ಟೌ ಹಚ್ಚಿ ಶುಂಠಿ ಜಜ್ಜುವ ಸದ್ದು, ನಂದಿನಿ ಹಾಲಿನ ಕ್ರೇಟುಗಳನ್ನು ಒಂದರ ಮೇಲೊಂದು ಇಳಿಸುವ ಸದ್ದು, ಒಳಗಿನ ಬೀದಿಯ ಯಾವುದೋ ಗುಡಿಯಿಂದ ಗಂಟೆಯ ಜೊತೆಗೇ ತೇಲಿ ಬರುವ ಹುಗ್ಗಿಯ ಮೆಣಸು-ತುಪ್ಪದ ಘಮ. ಸಿಟಿ ಮಾರ್ಕೆಟ್ಟಿನಿಂದ ಹೂವಿನ ಮೂಟೆ ಹೇರಿಕೊಂಡು ಬಂದ ಆಟೊ ಫುಟ್‌ಪಾತಿನ ಅಂಚಿಗೆ ನಿಲ್ಲುತ್ತದೆ. ಆಟೊದಿಂದ ಮೊದಲು ಸೇವಂತಿಗೆ ಇಳಿಯುತ್ತದೆ, ಆಮೇಲೆ ಕಾಕಡ, ಕನಕಾಂಬರ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಮೊಗ್ಗು. ಕೊನೆಗೆ ಹೂ ಮಾರುವ ಹೆಂಗಸು.

ಆಕೆ ಕೂರುವುದನ್ನು ನೋಡಬೇಕು. ಗೋಣಿಚೀಲ ಒದರಿ ಹಾಸುತ್ತಾಳೆ. ಎರಡೂ ಅಂಗೈಯನ್ನು ಸೊಂಟದ ಹಿಂದಕ್ಕಿಟ್ಟು ಒಂದು ಗಳಿಗೆ ನೆಟ್ಟಗೆ ನಿಲ್ಲುತ್ತಾಳೆ. ಮೊದಲು ಮೊಣಕಾಲು ಮಡಿಚಿ, ಕುಕ್ಕರುಗಾಲಿಗೆ ಬಂದು, ಒಂದು ಕೈಯನ್ನು ನೆಲಕ್ಕೂರಿ, ಬಲಗಾಲನ್ನು ಒಳಗೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಇಳಿದುಬಿಡುತ್ತಾಳೆ. ಇಳಿದ ಮೇಲೆ ಒಂಬತ್ತರವರೆಗೂ ಏಳುವುದಿಲ್ಲ. ತಗಡಿನ ಡಬ್ಬಿಯ ನೀರಿನಲ್ಲಿ ನೆಂದ ಬಾಳೆನಾರು ಎಡಗೈ ಬೆರಳಿಗೆ ಸುತ್ತಿಕೊಳ್ಳುತ್ತದೆ. ಈ ಕಡೆಗೆ ಎರಡು ಮೊಗ್ಗು, ಆ ಕಡೆಗೆ ಎರಡು ಮೊಗ್ಗು, ನಾರಿನ ಒಂದು ಸುತ್ತು, ಒಂದು ಬಿಗಿತ, ಮತ್ತೆ ಎರಡು. ಗಿರಾಕಿ ಬಂದರೆ ಮೊಣಕೈಯಿಂದ ಬೆರಳ ತುದಿಗೆ ಅಳೆದು ಮೊಳ, ಬಾಯಲ್ಲಿ ಲೆಕ್ಕ, ಎಲೆಯಲ್ಲಿ ಕಟ್ಟು. ಕೈ ನಿಲ್ಲುವುದೇ ಇಲ್ಲ.

ಇಷ್ಟು ಹೊತ್ತು ನಾವು ನೋಡಿದ್ದು ಆಕೆಯ ಕೈಯನ್ನು. ನನ್ನ ಜೊತೆ ಇನ್ನೊಂದು ನಿಮಿಷ ನಿಂತು ಆಕೆಯ ನಡುವನ್ನು ನೋಡಿ. ನಿಂತಾಗ ಬೆನ್ನಿನ ಕೆಳಭಾಗದಲ್ಲಿ ಒಳಕ್ಕೆ ಒಂದು ಕೊಂಕು ಇತ್ತಲ್ಲ, ಕೂತೊಡನೆ ಅದು ಸಪಾಟಾಯಿತು. ಬೆನ್ನು ಸಡಿಲವಾಗಿ ಬಾಗಿದಂತೆ, ಅದರ ಬುಡದಲ್ಲಿ ಬೋಗುಣಿಯಂತೆ ಕೂತಿರುವ ಎಲುಬು, ವೈದ್ಯರು ಪೆಲ್ವಿಸ್ ಅನ್ನುವುದು, ಹಿಂದಕ್ಕೆ ಉರುಳಿತು. ಆರೋಗ್ಯವಂತ ಬೆನ್ನಿರುವವರಲ್ಲಿ ನಿಂತ ಭಂಗಿಯಿಂದ ಕೂತ ಭಂಗಿಗೆ ಬರುವಾಗ ಆ ಬೋಗುಣಿ ಹೆಚ್ಚುಕಡಿಮೆ 20 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಬೋಗುಣಿಯ ಎರಡು ಪಕ್ಕದಲ್ಲಿ ಎರಡು ಬಟ್ಟಲು, ಆ ಬಟ್ಟಲುಗಳೊಳಗೆ ತೊಡೆಮೂಳೆಯ ಚೆಂಡು. ಬೋಗುಣಿ ಹಿಂದಕ್ಕೆ ವಾಲಿದಾಗ ಬಟ್ಟಲಿನ ಬಾಯಿ ಮುಂದಕ್ಕೆ ತೆರೆದುಕೊಂಡು, ಮೇಲೇಳುವ ತೊಡೆಗೆ ಜಾಗ ಬಿಡುತ್ತದೆ. ಬಸ್ಸಿನಲ್ಲಿ ಪಕ್ಕದವರು ಸರಿದು ಕೂತು ನಮಗೆ ಎಡೆ ಮಾಡಿಕೊಡುವ ಹಾಗೆ. ಆಕೆಗೆ ಇದು ಗೊತ್ತಿಲ್ಲ, ಗೊತ್ತಿರಬೇಕಾದ್ದೂ ಇಲ್ಲ. ದಿನಕ್ಕೆ ಎಷ್ಟೋ ಸಲ, ನಮ್ಮೆಲ್ಲರ ಮೈಯಲ್ಲೂ, ಸದ್ದಿಲ್ಲದೆ ನಡೆಯುವ ಕೆಲಸ ಇದು.

ಅದು ನಿಂತುಹೋದರೆ ಏನಾಗುತ್ತದೆಂದು ನನಗೆ ತಿಳಿದದ್ದು ಇಲ್ಲಿಂದ ನಾಲ್ಕು ಬೀದಿ ಒಳಗಿರುವ ದೊಡ್ಡಮ್ಮನ ಮನೆಯಲ್ಲಿ.

ಎರಡು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಆ ಕಡೆಗೇ ಹೊರಡೋಣ. ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟ ಮೂರಂತಸ್ತಿನ ಮನೆಗಳ ನಡುವೆ ಇನ್ನೂ ಅಲ್ಲೊಂದು ಇಲ್ಲೊಂದು ಹಳೆಯ ಹೆಂಚಿನ ಮನೆ ಉಳಿದಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವ ಹೆಂಗಸರು ಸೊಂಟದಿಂದ ಬಾಗಿ, ಮೊಣಕಾಲು ಮಡಿಚದೆ, ಚುಕ್ಕಿ ಇಡುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಡಿಸೆಂಬರ್ ಕಳೆಯುವವರೆಗೂ, ಸಂಕ್ರಾಂತಿ ದಾಟುವವರೆಗೂ ಈ ಬೀದಿಗಳಲ್ಲಿ ಒಂದೇ ವಾಸನೆ: ಅವರೆಕಾಯಿಯ ಸೊನೆ. ಗಾಡಿಯವನು ತೂಗಿ ಸುರಿದಲ್ಲಿಂದ ಅಡುಗೆಮನೆಯವರೆಗೂ ಅದು ಅಂಟಿಕೊಂಡೇ ಬರುತ್ತದೆ.

ದೊಡ್ಡಮ್ಮ ಈಗ ಎತ್ತರದ ಮರದ ಕುರ್ಚಿಯಲ್ಲಿ ಕೂರುತ್ತಾರೆ. ಕುರ್ಚಿಯ ನಾಲ್ಕು ಕಾಲಿಗೂ ಬಡಗಿಯಿಂದ ನಾಲ್ಕು ಬೆರಳು ದಪ್ಪದ ಮರದ ತುಂಡು ಕೂರಿಸಿದ್ದಾರೆ. ಅವರ ಮೊಣಕಾಲು ಯಾವಾಗಲೂ ತೊಡೆಸಂದಿಗಿಂತ ತುಸು ಕೆಳಗೇ ಇರಬೇಕು. ಎದುರಿಗೆ ಅಷ್ಟೇ ಎತ್ತರದ ಸ್ಟೂಲು, ಅದರ ಮೇಲೆ ಮೊರ, ಮೊರದ ತುಂಬ ಅವರೆಕಾಯಿ. ಮೂರು ವರ್ಷದ ಹಿಂದೆ ಇದೇ ಕಾಲದಲ್ಲಿ ಅವರು ನೆಲದ ಮೇಲಿನ ಮಣೆಯಲ್ಲಿ ಕೂತಿದ್ದರು.

ಆಗ ಅವರ ಬಲಗಡೆಯ ತೊಡೆಕೀಲು ಬದಲಾಯಿಸಿ ಮೂರು ತಿಂಗಳಾಗಿತ್ತು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಹೊಲಿಗೆ ಮಾಸಿತ್ತು, ಊರುಗೋಲು ಮೂಲೆ ಸೇರಿತ್ತು. ಹಿದುಕಿದ ಬೇಳೆ ಸಾರು ಮಾಡಬೇಕೆಂಬ ಹುರುಪಿನಲ್ಲಿ ಮಣೆಯ ಮೇಲೆ ಕೂತು, ಕಾಳು ನೆನೆಹಾಕಿದ ಬೇಸನ್ನನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಮುಂದಕ್ಕೆ ಬಾಗಿದರು. ಬಚ್ಚಲಲ್ಲಿದ್ದ ನಮ್ಮ ಅತ್ತಿಗೆಗೂ ಕೇಳಿಸುವಂಥ ಒಂದು ಸದ್ದು ಬಂತಂತೆ. ನಾವು ಹೋದಾಗ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ, ಮಂಡಿ ಒಳಕ್ಕೆ ತಿರುಗಿ ಬಿದ್ದಿತ್ತು. ಚೆಂಡು ಬಟ್ಟಲಿನಿಂದ ಹಿಂದಕ್ಕೆ ಜಾರಿತ್ತು. ಅರಿವಳಿಕೆ ಕೊಟ್ಟು ಎಳೆದು ಕೂರಿಸಿದರು. ಎರಡು ತಿಂಗಳಿಗೆ ತಗ್ಗಿನ ಸೋಫಾದಿಂದ ಏಳುವಾಗ ಮತ್ತೆ ಜಾರಿತು.

ಬಟ್ಟಲು ವಕ್ರವಾಗಿ ಕೂತಿತ್ತೇ ಎಂದು ಎಕ್ಸ್‌ರೇ ನೋಡಿದರೆ ಹಾಗೇನೂ ಇರಲಿಲ್ಲ. ಬಟ್ಟಲನ್ನು ಎಷ್ಟು ಓರೆಗೆ, ಎಷ್ಟು ಮುಂದಕ್ಕೆ ತಿರುಗಿಸಿ ಕೂರಿಸಬೇಕೆಂಬುದಕ್ಕೆ 1978ರಲ್ಲಿ ಅಮೆರಿಕದ ಲೆವಿನೆಕ್ ಮತ್ತು ಸಂಗಡಿಗರು ಒಂದು ಅಳತೆ ಕೊಟ್ಟರು. ಓರೆ 40 ಡಿಗ್ರಿ, ಮುಂದಕ್ಕೆ 15 ಡಿಗ್ರಿ, ಎರಡರಲ್ಲೂ ಹತ್ತು ಹೆಚ್ಚುಕಡಿಮೆ. ದಶಕಗಳ ಕಾಲ ಶಸ್ತ್ರವೈದ್ಯರು ಇದನ್ನೇ ಲಕ್ಷ್ಮಣರೇಖೆ ಎಂದುಕೊಂಡು ಕೆಲಸ ಮಾಡಿದರು. ದೊಡ್ಡಮ್ಮನ ಬಟ್ಟಲು ಆ ರೇಖೆಯ ಒಳಗೇ ಇತ್ತು. ಆದರೂ ಜಾರಿತ್ತು.

ಕಾರಣ ಇದ್ದದ್ದು ಗಾದ್ರೆಜ್ ಬೀರುವಿನಲ್ಲಿ, ಸೀರೆಗಳ ಕೆಳಗೆ, ಹಳದಿಯಾದ ಒಂದು ಕವರಿನಲ್ಲಿ. ಹನ್ನೆರಡು ವರ್ಷದ ಹಿಂದೆ ಅವರ ಬೆನ್ನಿನ ಆಪರೇಷನ್ ಆಗಿತ್ತು. ಕೆಳಬೆನ್ನಿನ ಮೂರು ಮೂಳೆಗಳನ್ನು ಸ್ಕ್ರೂ, ರಾಡು ಹಾಕಿ ಒಂದಕ್ಕೊಂದು ಬೆಸೆದಿದ್ದರು. ಕಾಲಿಗೆ ಇಳಿಯುತ್ತಿದ್ದ ನೋವು ಹೋಗಿತ್ತು, ಅವರು ಅದನ್ನು ಮರೆತೂ ಬಿಟ್ಟಿದ್ದರು. ತೊಡೆಕೀಲಿನ ಚಿಕಿತ್ಸೆಗೆ ಹೋದಾಗ ಶುಗರ್ ಕೇಳಿದರು, ಬಿ.ಪಿ. ಕೇಳಿದರು, ಹಲ್ಲು ಹುಳುಕಿದೆಯೇ ಎಂದೂ ಕೇಳಿದರು. ಬೆನ್ನಿನ ಮಾತು ಅವರೂ ಎತ್ತಲಿಲ್ಲ, ಇವರೂ ಹೇಳಲಿಲ್ಲ. ಎಕ್ಸ್‌ರೇ ತೆಗೆದದ್ದು ಮಲಗಿಸಿಕೊಂಡು.

“ಬೆನ್ನಿಂದು ಬೆನ್ನಿಗೆ, ಕಾಲಿಂದು ಕಾಲಿಗೆ ಅಂದ್ಕೊಂಡಿದ್ದೆ ಕಣೋ” ಎಂದು ಅವರು ಈಗಲೂ ಹೇಳುತ್ತಾರೆ.

ಬೆಸೆದ ಬೆನ್ನು ಬಾಗುವುದಿಲ್ಲ. ಬೆನ್ನು ಬಾಗದಿದ್ದರೆ ಬೋಗುಣಿ ಹಿಂದಕ್ಕೆ ಉರುಳುವುದಿಲ್ಲ. ಕೂತಾಗಲೂ ಅದು ನಿಂತ ಹಾಗೆಯೇ ಇರುತ್ತದೆ. ಬಟ್ಟಲು ಬಾಯಿ ತೆರೆದು ದಾರಿ ಬಿಡುವುದಿಲ್ಲ. ಆದರೆ ಮಣೆಯ ಮೇಲೆ ಕೂರಬೇಕಲ್ಲ, ಆ ಬಾಗುವಿಕೆಯನ್ನೆಲ್ಲ ತೊಡೆಕೀಲೊಂದೇ ಹೊರಬೇಕು. ತೊಡೆಮೂಳೆಯ ಕತ್ತು ಬಟ್ಟಲಿನ ಮುಂದಿನ ಅಂಚಿಗೆ ತಾಗುತ್ತದೆ, ಆ ಅಂಚನ್ನೇ ಆಸರೆ ಮಾಡಿಕೊಂಡು ಹಾರೆಯಿಂದ ಕಲ್ಲು ಮೀಟಿದ ಹಾಗೆ ಚೆಂಡು ಹಿಂದಕ್ಕೆ ಎದ್ದು ಬರುತ್ತದೆ. ವಯಸ್ಸಾಗಿ ಬೆನ್ನು ಸಪಾಟಾಗಿ ಮುಂದಕ್ಕೆ ಬಾಗಿದವರಲ್ಲಿ ಇದರ ತಿರುವುಮುರುವೂ ಆಗುವುದುಂಟು. ಅವರ ಬೋಗುಣಿ ನಿಂತಾಗಲೂ ಹಿಂದಕ್ಕೇ ವಾಲಿರುವುದರಿಂದ, ಮೈ ಹಿಂದಕ್ಕೆ ಚಾಚಿದಾಗ ಚೆಂಡು ಮುಂದಕ್ಕೆ ಜಾರಬಹುದು.

ಅಮೆರಿಕದಲ್ಲಿ ಹಿರಿಯ ನಾಗರಿಕರ ಸರ್ಕಾರಿ ವಿಮೆಯ ದಾಖಲೆಗಳನ್ನು ಹರಡಿಕೊಂಡು ಕೂತ ವೈದ್ಯರು 2017ರಲ್ಲಿ ಇದರ ಲೆಕ್ಕ ಕೊಟ್ಟರು. ಬೆನ್ನು ಬೆಸೆಯದವರಲ್ಲಿ ಹೊಸ ಕೀಲು ಒಂದು ವರ್ಷದೊಳಗೆ ಜಾರಿದ್ದು ನೂರಕ್ಕೆ 1.55. ಬೆನ್ನುಮೂಳೆಯ ಒಂದೆರಡು ಹಂತ ಬೆಸೆದವರಲ್ಲಿ 2.96. ಮೂರರಿಂದ ಏಳು ಹಂತ ಬೆಸೆದವರಲ್ಲಿ 4.12. ಬೆನ್ನಿಗೆ ರಾಡು ಹಾಕಿಸಿಕೊಂಡವರು ಇದನ್ನೋದಿ ಎದೆಗುಂದಬೇಕಿಲ್ಲ. ಹೆಚ್ಚು ಬೆಸೆದವರಲ್ಲೂ ನೂರರಲ್ಲಿ ತೊಂಬತ್ತಾರು ಜನರಿಗೆ ಏನೂ ಆಗಿಲ್ಲ. ಆದರೆ ಕೀಲು ಜಾರಿದ ಆ ಕೆಲವರಲ್ಲಿ ಒಬ್ಬರು ನಮ್ಮ ಮನೆಯವರಾದಾಗ ಆ ಅಂಕಿಗೆ ಮುಖ ಬರುತ್ತದೆ, ಸೊನೆಯ ವಾಸನೆ ಬರುತ್ತದೆ.

ದೊಡ್ಡಮ್ಮನ ಮೂರನೆಯ ಎಕ್ಸ್‌ರೇಗೆ ನಾನೇ ಜೊತೆಗೆ ಹೋಗಿದ್ದೆ. ನೆಲಮಾಳಿಗೆಯ ತಣ್ಣನೆ ಕೋಣೆ, ಫಿನಾಯಿಲ್ ವಾಸನೆ, ಗೋಡೆಗೆ ನೇತುಹಾಕಿದ ಸೀಸದ ಅಂಗಿಗಳು. ಎಕ್ಸ್‌ರೇ ಹುಡುಗ ಮೊದಲು ಅವರನ್ನು ಯಂತ್ರಕ್ಕೆ ಪಕ್ಕ ಕೊಟ್ಟು ನಿಲ್ಲಿಸಿದ. “ಅಜ್ಜಿ, ಉಸಿರು ಹಿಡ್ಕೊಳ್ಳಿ… ಬಿಡಿ.” ಒಂದು ಟಕ್ ಸದ್ದು. ಆಮೇಲೆ ಒಂದು ಸ್ಟೂಲು ಎಳೆದು ತಂದ. “ಈಗ ಕೂತ್ಕೊಂಡು ಒಂದು.” ಮತ್ತೊಂದು ಟಕ್. ಅಷ್ಟೇ. ಎರಡು ಚಿತ್ರವನ್ನೂ ವೈದ್ಯರು ಬೆಳಕಿನ ಹಲಗೆಯ ಮೇಲೆ ಅಕ್ಕಪಕ್ಕ ಸಿಕ್ಕಿಸಿದರು. ಕೂತ ದೊಡ್ಡಮ್ಮ, ನಿಂತ ದೊಡ್ಡಮ್ಮ. ಒಂದರಲ್ಲಿ ತೊಡೆಮೂಳೆ ಅಡ್ಡವಾಗಿತ್ತು, ಇನ್ನೊಂದರಲ್ಲಿ ಉದ್ದವಾಗಿತ್ತು. ನಡುವಿನ ಬೋಗುಣಿ ಮಾತ್ರ ಎರಡರಲ್ಲೂ ಒಂದೇ ಥರ. ಎರಡು ಭಂಗಿಗಳ ನಡುವೆ ಅದು 10 ಡಿಗ್ರಿಯೂ ಕದಲದಿದ್ದರೆ ಬೆನ್ನು ಬಿಗಿಯಾಗಿದೆ ಎಂದು ಲೆಕ್ಕ ಎಂದರು ವೈದ್ಯರು. ದೊಡ್ಡಮ್ಮನದು ಮೂರೋ ನಾಲ್ಕೋ ಡಿಗ್ರಿ.

ಆ ಸ್ಟೂಲನ್ನು ನಾನು ಮರೆಯಲಾರೆ. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ದೊಡ್ಡ ಖರ್ಚಿಲ್ಲ. ತೊಡೆಕೀಲು ಬದಲಾಯಿಸಲು ಹೋಗುವ ಪ್ರತಿಯೊಬ್ಬ ಹಿರಿಯರನ್ನೂ, ಬೆನ್ನಿನ ತೊಂದರೆ ಇದ್ದವರನ್ನಂತೂ ಖಂಡಿತವಾಗಿ, ಒಮ್ಮೆ ಅದರ ಮೇಲೆ ಕೂರಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ನಾವು ನೆಲದ ಜನ. ಊಟಕ್ಕೆ ನೆಲ, ಪೂಜೆಗೆ ನೆಲ, ಹರಟೆಗೆ ಜಗಲಿ, ಎಷ್ಟೋ ಮನೆಗಳಲ್ಲಿ ಇಂದಿಗೂ ಕುಕ್ಕರುಗಾಲಿನ ಪಾಯಿಖಾನೆ. ನಮ್ಮ ಕೀಲಿನ ಬಾಳು ನಿರ್ಧಾರವಾಗುವುದು ಮಲಗಿದಾಗಲ್ಲ.

ತೊಡಕಿನ ಒಂದು ಎಳೆ ನಮ್ಮ ಮಾತಿನಲ್ಲೇ ಇದೆ. ‘ಸೊಂಟ ನೋವು’ ಎಂದು ನಾವು ಹೇಳಿದರೆ ಅದು ಕೆಳಬೆನ್ನೂ ಆಗಬಹುದು, ಪಕ್ಕದ ಚಪ್ಪೆಯೂ ಆಗಬಹುದು, ತೊಡೆಸಂದೂ ಆಗಬಹುದು. ಅದಕ್ಕೇ ಅನುಭವಸ್ಥ ವೈದ್ಯರು “ಎಲ್ಲಿ ನೋವು ಅಂತ ಬಾಯಲ್ಲಿ ಹೇಳ್ಬೇಡಿ, ಕೈಯಿಟ್ಟು ತೋರ್ಸಿ” ಅನ್ನುತ್ತಾರೆ. ಕೀಲು ಸವೆದವರು ಹೆಬ್ಬೆರಳು ಹಿಂದೆ, ನಾಲ್ಕು ಬೆರಳು ಮುಂದೆ ಬರುವಂತೆ ಪಕ್ಕೆಯ ಕೆಳಗೆ ಅರ್ಧಚಂದ್ರದಂತೆ ಹಿಡಿದು ತೋರಿಸುತ್ತಾರೆ. ಅವರ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ. ಬೆನ್ನಿನ ನರ ಹಿಸುಕಿದವರು ಹಿಂಬದಿಯಿಂದ ಕಾಲಿನುದ್ದಕ್ಕೂ ಬೆರಳೆಳೆಯುತ್ತಾರೆ. ಎಲ್ಲರದೂ ಇಷ್ಟು ಸ್ಪಷ್ಟವಲ್ಲ. ಕೀಲಿನ ನೋವು ಮಂಡಿಯಲ್ಲಿ ಮಾತ್ರ ಕಾಣಿಸಿಕೊಂಡು ಮಂಡಿಗೇ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ವರ್ಷ ಕಳೆದವರಿದ್ದಾರೆ. ಅನುಮಾನವಿದ್ದರೆ ಕೀಲಿನೊಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ: ನೋವು ಹೋದರೆ ಕೀಲಿನದು, ಉಳಿದರೆ ಹುಡುಕಾಟ ಬೆನ್ನಿನ ಕಡೆಗೆ. ಎರಡೂ ಕೂಡಿ ಕಾಡುವ ಈ ಸ್ಥಿತಿಗೆ 1983ರಲ್ಲೇ ಆಫಿಯರ್ಸ್ಕಿ ಮತ್ತು ಮ್ಯಾಕ್ನ್ಯಾಬ್ ಎಂಬ ವೈದ್ಯರು ‘ಹಿಪ್-ಸ್ಪೈನ್ ಸಿಂಡ್ರೋಮ್’ ಎಂದು ಹೆಸರಿಟ್ಟಿದ್ದರು. ಬೆನ್ನಿನಿಂದ ಬಂದ ನೋವಿಗೆ ಕೀಲು ಬದಲಾಯಿಸಿದರೆ, ಎಷ್ಟೇ ಚಂದದ ಕೀಲು ಕೂರಿಸಿದರೂ ನೋವು ಅಲ್ಲೇ ಉಳಿಯುತ್ತದೆ. ಬೆನ್ನಿನ ಕಾಯಿಲೆಯೂ ಇರುವವರಿಗೆ ಹೊಸ ಕೀಲಿನಿಂದ ಸಿಗುವ ಸಮಾಧಾನ ಉಳಿದವರಿಗಿಂತ ಕಡಿಮೆ ಎಂಬುದಕ್ಕೆ ಇದೂ ಒಂದು ಕಾರಣ. ಅದೇ, ಮಡಿಚಿಕೊಂಡೇ ಗಟ್ಟಿಯಾದ ತೊಡೆಕೀಲಿನಿಂದಾಗಿ ಬೆನ್ನನ್ನು ಅತಿಯಾಗಿ ಒಳಬಾಗಿಸಿ ನಡೆಯುತ್ತಿದ್ದವರಿಗೆ ಕೀಲು ಬದಲಾದ ಮೇಲೆ ಬೆನ್ನುನೋವೂ ಇಳಿದದ್ದುಂಟು.

ಹೊಸಕೆರೆಹಳ್ಳಿಯಂಥ ಕಡೆ ಒಂದು ಬೀದಿಯ ಬೆನ್ನುಗಳನ್ನು ಎಣಿಸಿದರೆ ಕರ್ನಾಟಕದ ಅರ್ಧ ನಕ್ಷೆ ಸಿಗುತ್ತದೆ. ಗಾರೆ ಕೆಲಸಕ್ಕೆ ಪಾವಗಡ, ಬಾಗೇಪಲ್ಲಿ ಕಡೆಯಿಂದ ಬಂದವರಿದ್ದಾರೆ. ಆ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಬೆನ್ನಿನ ಕಟ್ಟುಗಳು ಸುಣ್ಣಗಟ್ಟಿ ಬೆನ್ನು ಕೋಲಿನಂತಾಗಬಹುದು, ಯಾವ ಸ್ಕ್ರೂ ಹಾಕದೆಯೇ ಬೆಸೆದಂತೆ. ಇಪ್ಪತ್ತು ಇಪ್ಪತ್ತೈದರ ಹುಡುಗರಲ್ಲಿ ಶುರುವಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇನ್ನೊಂದು. ಬೆಳಗ್ಗೆ ಎದ್ದಾಗ ಬಿಗಿ, ಓಡಾಡಿದ ಮೇಲೆ ಸಡಿಲ, ಹೀಗೇ ವರ್ಷಗಳುರುಳಿ ಬೆನ್ನಿನ ಎಕ್ಸ್‌ರೇ ಬಿದಿರಿನ ಗಳದಂತೆ ಕಾಣತೊಡಗುತ್ತದೆ. ಹಲವರಿಗೆ ತೊಡೆಕೀಲುಗಳೂ ಅದರಲ್ಲೇ ಹೋಗುತ್ತವೆ. ಅಂಥವರ ಆಪರೇಷನ್ನಿನಲ್ಲಿ ಬೆನ್ನಿಗೆ ಚುಚ್ಚುವ ಅರಿವಳಿಕೆಯ ಸೂಜಿಗೇ ಸಂದು ಸಿಗುವುದು ಕಷ್ಟ. ಕತ್ತು ಹಿಂದಕ್ಕೆ ವಾಲದ್ದರಿಂದ ಗಂಟಲಿಗೆ ನಳಿಕೆ ಇಳಿಸುವುದೂ ಕಷ್ಟ.

ಇನ್ನು ಸಾಗರದ ಹತ್ತಿರದ ಹಂದಿಗೋಡು. 1974-75ರ ಹೊತ್ತಿಗೆ ಅಲ್ಲಿನ ದಲಿತ ಕೇರಿಗಳಲ್ಲಿ ತೊಡೆಕೀಲು ಹಿಡಿದುಕೊಂಡು, ಬೆನ್ನು ಬಾಗಿ, ಗದ್ದೆ ಕೆಲಸಕ್ಕೆ ಇಳಿಯಲಾಗದವರು ಒಬ್ಬೊಬ್ಬರಾಗಿ ಲೋಕದ ಕಣ್ಣಿಗೆ ಬಿದ್ದರು. 1977ರಲ್ಲಿ ಭಟ್ ಮತ್ತು ಕೃಷ್ಣಮಾಚಾರಿ ಎಂಬ ವಿಜ್ಞಾನಿಗಳು ಅದನ್ನು ಮಲೆನಾಡಿನ ಕುಟುಂಬಗತ ಸಂಧಿವಾತ ಎಂದು ಬರೆದರು. ಮುಂದೆ ಅದು ತಲೆಮಾರಿನಿಂದ ತಲೆಮಾರಿಗೆ ಹರಿಯುವ ಮೂಳೆಯ ಬೆಳವಣಿಗೆಯ ದೋಷ ಎಂದು ತಿಳಿಯಿತು. ಕೆಲವರಲ್ಲಿ ತೊಡೆಕೀಲು ಮಾತ್ರ, ಕೆಲವರಲ್ಲಿ ಬೆನ್ನೂ ಕೂಡ. ಆ ಊರಿನ ಹೆಸರನ್ನು ರೋಗಕ್ಕೆ ಇಟ್ಟಿದ್ದೇವೆ. ಬೆನ್ನೂ ಕೀಲೂ ಒಟ್ಟಿಗೆ ಬಿಗಿದವರ ಬದುಕು ಎಂಥದೆಂದು ಕನ್ನಡ ನಾಡಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹಾಕುವ ಕೀಲೂ ಮೊದಲಿನಂತೆ ಉಳಿದಿಲ್ಲ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಉಕ್ಕಿನ ಚೆಂಡು, ಪಾಲಿಥಿನ್ ಬಟ್ಟಲು ಜೋಡಿಸಿದಾಗ ಆ ಚೆಂಡಿನ ಅಡ್ಡಳತೆ 22 ಮಿಲಿಮೀಟರ್ ಚಿಲ್ಲರೆ, ದೊಡ್ಡ ಗೋಲಿಯಷ್ಟು. ಈಗ 32, 36 ಮಿಲಿಮೀಟರಿನವು ಸಾಮಾನ್ಯ. ಚೆಂಡು ದೊಡ್ಡದಾದಷ್ಟೂ ಬಟ್ಟಲಿನಿಂದ ಹೊರಬರಲು ಹೆಚ್ಚು ದೂರ ಏರಬೇಕು. ದೊಡ್ಡಮ್ಮನಿಗೆ ಕೊನೆಗೆ ಹಾಕಿದ್ದು ಇನ್ನೊಂದು ಬಗೆಯದು. ಲೋಹದ ಬಟ್ಟಲೊಳಗೆ ಪಾಲಿಥಿನ್ನಿನ ದೊಡ್ಡ ಚೆಂಡು, ಅದರ ಹೊಟ್ಟೆಯೊಳಗೆ ಇನ್ನೊಂದು ಚಿಕ್ಕ ಚೆಂಡು, ಎರಡೂ ತಮ್ಮಷ್ಟಕ್ಕೆ ತಿರುಗುವಂಥದು. ಫ್ರಾನ್ಸಿನ ಝಿಲ್ ಬುಸ್ಕೆ 1970ರ ದಶಕದಲ್ಲಿ ಯೋಚಿಸಿದ್ದು. ‘ಡ್ಯುಯಲ್ ಮೊಬಿಲಿಟಿ’ ಎನ್ನುತ್ತಾರೆ. ಬಿಗಿಬೆನ್ನಿನವರಿಗೆ ಮೊದಲ ಸಲವೇ ಇದನ್ನು ಹಾಕುವ ವೈದ್ಯರು ಈಗ ಹೆಚ್ಚುತ್ತಿದ್ದಾರೆ. ಬಟ್ಟಲನ್ನೂ ಎಲ್ಲರಿಗೂ ಒಂದೇ ಅಳತೆಗೆ ಕೂರಿಸದೆ, ಅವರವರ ಕೂತ ಚಿತ್ರ ನೋಡಿಕೊಂಡು ಮುಂದಕ್ಕೆ ತುಸು ಹೆಚ್ಚು ತೆರೆದು ಕೂರಿಸುತ್ತಾರೆ.

ಬೆನ್ನಿನದು ಮೊದಲೋ ಕೀಲಿನದು ಮೊದಲೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಾಲಿನ ಬಲ ಕುಂದುತ್ತಿದ್ದರೆ, ಮೂತ್ರದ ಹಿಡಿತ ತಪ್ಪುತ್ತಿದ್ದರೆ ಬೆನ್ನಿಗೇ ಮೊದಲ ಪಾಳಿ. ಅಂಥ ಅವಸರವಿಲ್ಲದೆ ಎರಡೂ ಹಾಳಾಗಿದ್ದರೆ ಹಲವರು ಮೊದಲು ಕೀಲಿನ ಕಡೆ ನೋಡುತ್ತಾರೆ. ಎರಡು ಕಡೆಯ ವೈದ್ಯರೂ ಒಮ್ಮೆ ಒಂದೇ ಬೆಳಕಿನ ಹಲಗೆಯ ಮುಂದೆ ನಿಂತರೆ ಸಾಕು, ರೋಗಿಯ ಪಾಲಿಗೆ ಅದು ದೊಡ್ಡದು. ಅಲ್ಲಿಯವರೆಗೂ ಆ ಬೀರುವಿನ ಕವರು ನಮ್ಮ ಕಂಕುಳಲ್ಲೇ ಇರಬೇಕು.

ಬಿಸಿಲು ಈಗ ಹಿತ್ತಲಿನ ಕರಿಬೇವಿನ ಮೇಲೆ ಬಿದ್ದಿದೆ. ದೊಡ್ಡಮ್ಮನ ಬೆರಳು ಅವರೆಕಾಯಿಯ ಬೆನ್ನನ್ನು ಒತ್ತಿ ಸೀಳುತ್ತದೆ, ಕಾಳು ಪಾತ್ರೆಗೆ ಟಣ್ಣನೆ ಬೀಳುತ್ತದೆ, ಸಿಪ್ಪೆ ಪಕ್ಕಕ್ಕೆ. ಒಂದು ಕಾಳು ಸಿಡಿದು ಕುರ್ಚಿಯ ಕೆಳಗೆ ಉರುಳಿತು. ಅವರು ಅದನ್ನು ನೋಡಿದರು, ಬಾಗಲಿಲ್ಲ. ಗೋಡೆಗೆ ಒರಗಿಸಿಟ್ಟ ಉದ್ದನೆಯ ಚಿಮಟದಂಥ ಕಡ್ಡಿಯನ್ನು, ಫಿಸಿಯೋಥೆರಪಿಯ ಹುಡುಗಿ ತಂದುಕೊಟ್ಟದ್ದನ್ನು, ಎತ್ತಿಕೊಂಡು ಬೆನ್ನು ನೆಟ್ಟಗಿಟ್ಟೇ ಆ ಕಾಳನ್ನು ಹಿಡಿದು ಮೇಲಕ್ಕೆ ತಂದರು. ಒರೆಸಿ ಪಾತ್ರೆಗೆ ಹಾಕಿದರು.

“ಹೂ ಎಷ್ಟಕ್ಕೆ ಕೊಟ್ಲು?” ಎಂದು ಕೇಳಿ, ನನ್ನ ಉತ್ತರ ಕಾಯದೆ, ಕುರ್ಚಿಯ ತೋಳುಗಳ ಮೇಲೆ ಎರಡು ಕೈಯೂರಿ, ಬಲಗಾಲನ್ನು ಮುಂದಕ್ಕೆ ಚಾಚಿ ಎದ್ದುನಿಂತರು. ಗೂಡಿನ ದೇವರಿಗೆ ಒಂದು ಮೊಳ ಏರಿಸಿ, ಉಳಿದದ್ದನ್ನು ಮುಡಿದುಕೊಂಡು ಮತ್ತೆ ಕುರ್ಚಿಯ ಕಡೆಗೆ ಬಂದರು.